ಕಿರುಸಾಲ ಪಡೆದು ಸಣ್ಣ ವ್ಯಾಪಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕಿನ ಮೆಟ್ಟಿಲು ಹತ್ತಲಾಗದವರಿಗೆ ಸಣ್ಣ ಮೊತ್ತದ ಸಾಲ ಕೊಟ್ಟು ಸ್ವಂತ ದುಡಿಮೆಗೆ ಹಚ್ಚುವ ವ್ಯವಸ್ಥೆಯ ಬಗ್ಗೆ ಎರಡು ಥರದ ಮಾತು ಕೇಳಿಬರುತ್ತದೆ. ಬಡತನಕ್ಕೆ ಇದಕ್ಕಿಂತ ಮದ್ದಿಲ್ಲ ಎನ್ನುವವರು ಒಂದು ಕಡೆ, ಇದು ಬಡವರ ರಕ್ತ ಹೀರುವ ದಂಧೆ ಎನ್ನುವವರು ಇನ್ನೊಂದು ಕಡೆ. ಇಬ್ಬರ ಹತ್ತಿರವೂ ಉದಾಹರಣೆಗಳಿವೆ. ಸಾಲ ತೆಗೆದುಕೊಳ್ಳಬೇಕೆಂದಿರುವವರು, ಅವರ ಪರವಾಗಿ ಓಡಾಡುವವರು, ಸಂಘ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದೆ.

ಕಿರುಸಾಲ ಅಂದರೆ ಎಷ್ಟು ಮೊತ್ತ?

ಒಂದೇ ಅಳತೆ ಇಲ್ಲ. ಯುರೋಪಿನಲ್ಲಿ 25,000 ಯೂರೋ ತನಕದ ವ್ಯಾಪಾರದ ಸಾಲವನ್ನೂ ಮೈಕ್ರೋಕ್ರೆಡಿಟ್ ಎಂದೇ ಕರೆಯುತ್ತಾರೆ. ಭಾರತದ ರಿಸರ್ವ್ ಬ್ಯಾಂಕ್ 2022ರ ನಿಯಮಗಳಲ್ಲಿ ಮೊತ್ತದ ಗೊಡವೆಯನ್ನೇ ಬಿಟ್ಟು ಕುಟುಂಬದ ಆದಾಯ ನೋಡಿತು: ವರ್ಷಕ್ಕೆ 3 ಲಕ್ಷ ರೂಪಾಯಿ ಮೀರದ ಕುಟುಂಬಕ್ಕೆ ಒತ್ತೆ ಇಲ್ಲದೆ ಕೊಟ್ಟ ಸಾಲ ಕಿರುಸಾಲ. ಹಾಗಾಗಿ ಮೊತ್ತಕ್ಕಿಂತ ಗುಣ ನೋಡಿ ಗುರುತಿಸುವುದು ಸುಲಭ. ಒತ್ತೆ ಇರುವುದಿಲ್ಲ, ವಾಯಿದೆ ಚಿಕ್ಕದು, ಕಂತುಗಳು ಸಣ್ಣವು ಮತ್ತು ಬೇಗ ಬೇಗ ಬರುವಂಥವು. ಸಾಲಗಾರರು ಆಫೀಸಿಗೆ ಬರುವ ಬದಲು ಕೊಡುವವರೇ ಅವರಿದ್ದಲ್ಲಿಗೆ ಹೋಗುತ್ತಾರೆ.

ಬ್ಯಾಂಕುಗಳು ಇರುವಾಗ ಇದೇಕೆ ಬೇಕಾಯಿತು?

ಬ್ಯಾಂಕು ಮೂರು ವಿಷಯ ಕೇಳುತ್ತದೆ. ಸ್ವಂತ ಆಸ್ತಿ ಏನಿದೆ, ಆದಾಯಕ್ಕೆ ದಾಖಲೆ ಏನಿದೆ, ಹಿಂದೆ ಸಾಲ ತೀರಿಸಿದ ಚರಿತ್ರೆ ಏನಿದೆ. ಬೀದಿಬದಿ ಮಾರುವವರು, ದಿನಗೂಲಿಯವರು, ಗಂಡನ ಹೆಸರಿನಲ್ಲಿ ಮಾತ್ರ ಮನೆಪತ್ರ ಇರುವ ಹೆಂಗಸರು, ಬೇರೆ ದೇಶದಿಂದ ಓಡಿಬಂದ ನಿರಾಶ್ರಿತರು, ಜೈಲಿನಿಂದ ಹೊರಬಂದವರು ಮೂರಕ್ಕೂ ತಲೆ ತಗ್ಗಿಸಬೇಕಾಗುತ್ತದೆ. ಅಂಗವೈಕಲ್ಯ ಇರುವವರಿಗಂತೂ ದಾಖಲೆ ಎಲ್ಲ ಸರಿ ಇದ್ದರೂ ಕೌಂಟರಿನ ಆಚೆಯವರ ಮುಖದಲ್ಲೇ 'ಇವರಿಂದ ಆಗುತ್ತಾ?' ಎಂಬ ಪ್ರಶ್ನೆ ಕಾಣುತ್ತದೆ.

ಬ್ಯಾಂಕಿನ ಕಡೆಯಿಂದ ನೋಡಿದರೆ ಇನ್ನೊಂದು ಕಾರಣವಿದೆ. ಹತ್ತು ಸಾವಿರದ ಸಾಲಕ್ಕೂ ಹತ್ತು ಲಕ್ಷದ ಸಾಲಕ್ಕೂ ಅರ್ಜಿ, ಪರಿಶೀಲನೆ, ಲೆಕ್ಕ ಬರೆಯುವ ಕೆಲಸ ಹೆಚ್ಚುಕಡಿಮೆ ಒಂದೇ, ಬರುವ ಬಡ್ಡಿಗೆ ಮಾತ್ರ ನೂರು ಪಟ್ಟು ವ್ಯತ್ಯಾಸ. ಬಡವರು ತೀರಿಸುವುದಿಲ್ಲ ಎಂಬ ಭಯಕ್ಕಿಂತ ಈ ಲೆಕ್ಕವೇ ಬಾಗಿಲು ಮುಚ್ಚಿಸಿದ್ದು ಎಂಬುದು ನನ್ನ ಅಂದಾಜು. ಬ್ಯಾಂಕು ಬೇಡವೆಂದವರಿಗೆ ಉಳಿದದ್ದು ಮೀಟರ್ ಬಡ್ಡಿಯವರು.

ಇದನ್ನು ಕಂಡುಹಿಡಿದದ್ದು ಮುಹಮ್ಮದ್ ಯೂನಸ್ ಅಲ್ಲವೇ?

ಜಗತ್ತಿಗೆ ಪರಿಚಯಿಸಿದವರು ಅವರೇ, ಅನುಮಾನವಿಲ್ಲ. 1976ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಮೇಷ್ಟರಾಗಿದ್ದ ಯೂನಸ್ ಸಮೀಪದ ಜೋಬ್ರಾ ಎಂಬ ಹಳ್ಳಿಯ 42 ಜನರಿಗೆ ತಮ್ಮ ಜೇಬಿನಿಂದ ಸಾಲ ಕೊಟ್ಟರು. ಎಲ್ಲರದ್ದೂ ಸೇರಿ ಆದದ್ದು ಆಗಿನ 27 ಡಾಲರಿನಷ್ಟು. ಬಿದಿರಿನ ಸ್ಟೂಲು ಹೆಣೆಯುತ್ತಿದ್ದ ಹೆಣ್ಣುಮಕ್ಕಳು ಬಿದಿರಿಗೆ ದುಡ್ಡು ಕೊಟ್ಟ ವ್ಯಾಪಾರಿಗೇ ಅವನು ಹೇಳಿದ ಬೆಲೆಗೆ ಮಾಲು ಒಪ್ಪಿಸಬೇಕಿತ್ತು. ಬಿದಿರು ತಮ್ಮ ದುಡ್ಡಿನದ್ದಾದರೆ ಬೆಲೆಯೂ ತಮ್ಮದಾಗುತ್ತದೆ ಎಂಬುದಷ್ಟೇ ಅಲ್ಲಿನ ತರ್ಕ. 1983ರಲ್ಲಿ ಈ ಪ್ರಯೋಗವೇ ಗ್ರಾಮೀಣ ಬ್ಯಾಂಕ್ ಎಂಬ ಹೆಸರಿನಲ್ಲಿ ಅಧಿಕೃತವಾಗಿ ಬ್ಯಾಂಕಾಯಿತು. 2006ರಲ್ಲಿ ಬ್ಯಾಂಕಿಗೂ ಯೂನಸರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆದರೆ ಉಪಾಯ ಹಳೆಯದು. ಹದಿನೆಂಟನೇ ಶತಮಾನದ ಆರಂಭದಲ್ಲೇ ಐರ್ಲೆಂಡಿನ ಡಬ್ಲಿನ್ನಿನಲ್ಲಿ ಲೇಖಕ ಜೊನಾಥನ್ ಸ್ವಿಫ್ಟ್ ಬಡ ಕಸುಬುದಾರರಿಗೆ ಸ್ವಂತ ಹಣದಿಂದ ಸಾಲ ಕೊಡುತ್ತಿದ್ದ. ನೆರೆಯವರ ಜಾಮೀನು, ವಾರದ ಕಂತು, ಎರಡೂ ಆಗಲೇ ಇದ್ದವು. ಮುಂದೆ ಐರ್ಲೆಂಡಿನಲ್ಲಿ ಇಂಥ ಸಾಲನಿಧಿಗಳು ನೂರಾರಾದವು. 1860ರ ದಶಕದಲ್ಲಿ ಜರ್ಮನಿಯ ರೈಫೈಸನ್ ಎಂಬಾತ ಹಳ್ಳಿಯವರದೇ ಸಹಕಾರಿ ಪತ್ತಿನ ಸಂಘ ಕಟ್ಟಿದ. 1974ರಲ್ಲಿ ಅಹಮದಾಬಾದಿನಲ್ಲಿ ನಾಲ್ಕು ಸಾವಿರ ದುಡಿಯುವ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ ಸೇವಾ ಬ್ಯಾಂಕ್ ಶುರು ಮಾಡಿದರು, ಜೋಬ್ರಾಕ್ಕಿಂತ ಎರಡು ವರ್ಷ ಮುಂಚೆ.

ಇದು ಬಡ ದೇಶಗಳಿಗೆ ಮಾತ್ರವೇ?

ಅಲ್ಲ. ಫ್ರಾನ್ಸಿನಲ್ಲಿ ಮಾರಿಯಾ ನೋವಾಕ್ 1989ರಲ್ಲಿ ಆದಿ ಎಂಬ ಸಂಸ್ಥೆ ಹುಟ್ಟುಹಾಕಿದ್ದು ಕೆಲಸವಿಲ್ಲದವರಿಗೆ, ಸರ್ಕಾರದ ಭತ್ಯೆಯ ಮೇಲೆ ಬದುಕುವವರಿಗೆ ಸ್ವಂತ ಉದ್ಯೋಗದ ಸಾಲ ಕೊಡಲು. ಶ್ರೀಮಂತ ದೇಶದ ಕಷ್ಟವೇ ಬೇರೆ. ಅಲ್ಲಿ ಕೂದಲು ಕತ್ತರಿಸುವುದಕ್ಕೂ ಪರವಾನಗಿ, ತೆರಿಗೆ ನೋಂದಣಿ, ವಿಮೆ ಎಲ್ಲ ಬೇಕು. ಸಾಲ ಸಿಕ್ಕ ಮಾತ್ರಕ್ಕೆ ಮರುದಿನ ಅಂಗಡಿ ತೆರೆಯಲಾಗದು. ಆದ್ದರಿಂದ ಅಲ್ಲಿ ಸಾಲದಷ್ಟೇ ಮುಖ್ಯವಾದದ್ದು ಕಾಗದಪತ್ರ ಮಾಡಿಸಿಕೊಡುವ, ವರ್ಷವಿಡೀ ಫೋನ್ ಎತ್ತುವ ಒಬ್ಬ ಸ್ವಯಂಸೇವಕ.

ಒತ್ತೆಯೇ ಇಲ್ಲದಿದ್ದರೆ ಹಣ ಹೇಗೆ ವಾಪಸ್ ಬರುತ್ತದೆ?

ಸಾಲಗಾರರ ಗುಂಪುಗಳು ವಾರಕ್ಕೊಮ್ಮೆ ಸೇರುವ ಮೀಟಿಂಗನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಬೆಳಗ್ಗೆ ಯಾರದೋ ಮನೆಯ ಮುಂದೆ ಚಾಪೆ ಹಾಸಿರುತ್ತದೆ. ಮೂವತ್ತು ನಲವತ್ತು ಹೆಂಗಸರು ಐದೈದರ ಸಾಲಿನಲ್ಲಿ ಕೂತಿರುತ್ತಾರೆ. ಸಾಲ ಕೊಟ್ಟ ಸಂಸ್ಥೆಯ ಫೀಲ್ಡ್ ಆಫೀಸರ್ ಬಂದು ಬೈಕಿನ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಪ್ರತಿ ಗುಂಪಿನ ಮುಖ್ಯಸ್ಥೆ ಐದು ಜನರ ಕಂತು ಒಟ್ಟುಮಾಡಿ, ನೋಟು ಮಡಚಿ, ಪಾಸ್‌ಬುಕ್ಕಿನೊಳಗೆ ಇಟ್ಟಾಗಿರುತ್ತದೆ. ಎಣಿಕೆ ಎಲ್ಲರೆದುರೇ. ಒಂದು ಗುಂಪಿನಲ್ಲಿ ಸ್ವಲ್ಪ ಕಡಿಮೆ ಬಂತು ಅನ್ನಿ. ಆಫೀಸರ್ ಬೈಯುವುದಿಲ್ಲ, ಕಾಯುತ್ತಾನೆ. ಅವನು ಎದ್ದು ಹೋಗುವ ತನಕ ಯಾರೂ ಏಳುವಂತಿಲ್ಲ. ಒಲೆ ಮೇಲೆ ಅನ್ನ ಇಟ್ಟು ಬಂದವಳು, ಕೆಲಸಕ್ಕೆ ಹೊತ್ತಾದವಳು ಎಲ್ಲರ ಕಣ್ಣು ಆ ಗುಂಪಿನ ಮೇಲೆ. ಐದು ನಿಮಿಷದಲ್ಲಿ ಪಕ್ಕದವಳ ಸೆರಗಿನ ಗಂಟಿನಿಂದ ಬಾಕಿ ಹಣ ಹೊರಗೆ ಬರುತ್ತದೆ.

ಅಲ್ಲಿ ಒತ್ತೆಯಿಟ್ಟಿದ್ದು ಮಾನ. ಜೊತೆಗೆ ಎರಡು ಪ್ರಲೋಭನೆಗಳಿವೆ. ಗ್ರಾಮೀಣ ಬ್ಯಾಂಕಿನ ಹಳೆಯ ಕ್ರಮದಲ್ಲಿ ಐವರಲ್ಲಿ ಮೊದಲು ಇಬ್ಬರಿಗೆ ಸಾಲ, ಅವರು ಸರಿಯಾಗಿ ಕಟ್ಟಿದರೆ ಇನ್ನಿಬ್ಬರಿಗೆ, ಕೊನೆಗೆ ಮುಖ್ಯಸ್ಥೆಗೆ. ಮತ್ತೊಂದು, ಈ ಸಾಲ ತೀರಿದರೆ ಮುಂದಿನದು ದೊಡ್ಡದು ಎಂಬ ಭರವಸೆ. ಈ ಎರಡನೆಯದರ ಬಲ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ತುರ್ತಿಗೆ ಕೈಸಾಲ ಕೊಡುವ ಬಂಧುವೂ ಇಲ್ಲದವರಿಗೆ ಮತ್ತೆ ಸಾಲ ಸಿಗುವ ಒಂದು ಬಾಗಿಲನ್ನು ಮುಚ್ಚಿಕೊಳ್ಳಲು ಮನಸ್ಸು ಬರುವುದಿಲ್ಲ.

ಗುಂಪು ಸೇರಲೇಬೇಕೇ?

ಬೇಕಿಲ್ಲ. ಇಂಡೋನೇಷ್ಯಾದ ಬಿಆರ್‌ಐ ಬ್ಯಾಂಕ್ 1984ರಿಂದ ತನ್ನ ಹಳ್ಳಿ ಘಟಕಗಳಲ್ಲಿ ವ್ಯಕ್ತಿಗಳಿಗೇ ಸಾಲ ಕೊಟ್ಟು, 1997-98ರ ಏಷ್ಯಾದ ಆರ್ಥಿಕ ಬಿಕ್ಕಟ್ಟಿನಲ್ಲಿ ದೊಡ್ಡ ಕಂಪನಿಗಳ ಸಾಲ ಮುಳುಗುತ್ತಿದ್ದಾಗಲೂ ಸಣ್ಣವರ ಕಂತು ಬರುತ್ತಲೇ ಇದ್ದದ್ದನ್ನು ತೋರಿಸಿಕೊಟ್ಟಿತು. ಫಿಲಿಪ್ಪೀನ್ಸಿನಲ್ಲಿ ಒಂದು ಬ್ಯಾಂಕಿನ ಕೆಲವು ಕೇಂದ್ರಗಳಲ್ಲಿ ಗುಂಪು ಜಾಮೀನು ತೆಗೆದುಹಾಕಿ ನೋಡಿದರು. ಮೀಟಿಂಗ್ ಇಟ್ಟುಕೊಂಡು, ಒಬ್ಬರ ಸಾಲಕ್ಕೆ ಇನ್ನೊಬ್ಬರು ಹೊಣೆ ಎಂಬುದನ್ನು ಮಾತ್ರ ಬಿಟ್ಟರು. ವಸೂಲಿ ಕೆಡಲಿಲ್ಲ.

ಗುಂಪಿನ ಕೆಟ್ಟ ಮುಖವೂ ಒಂದಿದೆ. ಯಾರನ್ನು ಸೇರಿಸಿಕೊಳ್ಳಬೇಕು ಎಂದು ಗುಂಪೇ ತೀರ್ಮಾನಿಸುವಾಗ ಮೊದಲು ಹೊರಗುಳಿಯುವವರು ಕಾಯಿಲೆಯವರು, ವಯಸ್ಸಾದವರು, ಒಂಟಿ ಹೆಂಗಸರು, ಬೇರೆ ಜಾತಿಯವರು. ಹೊರಗಿಟ್ಟವರನ್ನು ಒಳಗೆ ತರಲು ಹುಟ್ಟಿದ ವ್ಯವಸ್ಥೆಯೊಳಗೇ ಹೀಗೆ ಇನ್ನೊಂದು ಬೇಲಿ ಬೀಳುತ್ತದೆ. ಅಂಥವರಿಗೆ ವೈಯಕ್ತಿಕ ಸಾಲವೇ ಸರಿ.

ಸ್ವಸಹಾಯ ಸಂಘಕ್ಕೂ ಮೈಕ್ರೋಫೈನಾನ್ಸ್ ಕಂಪನಿಗೂ ಏನು ವ್ಯತ್ಯಾಸ?

ಸಂಘದಲ್ಲಿ ಮೊದಲು ಉಳಿತಾಯ, ಆಮೇಲೆ ಸಾಲ. ಹತ್ತರಿಂದ ಇಪ್ಪತ್ತು ಜನ ಸೇರಿ ತಮ್ಮದೇ ಹಣ ಕೂಡಿಸಿ, ತಮ್ಮೊಳಗೇ ಸಾಲ ಕೊಟ್ಟುಕೊಂಡು, ಲೆಕ್ಕ ಬರೆಯಲು ಕಲಿತ ಮೇಲೆ ಬ್ಯಾಂಕು ಸಂಘಕ್ಕೆ ಸಾಲ ಕೊಡುತ್ತದೆ. ಭಾರತದಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಇದನ್ನು ಪ್ರಯೋಗವಾಗಿ ಶುರು ಮಾಡಿತು. ಬಡ್ಡಿ ಎಷ್ಟು, ಯಾರಿಗೆ ಮೊದಲು ಎಂಬುದನ್ನು ಸದಸ್ಯರೇ ನಿರ್ಧರಿಸುತ್ತಾರೆ, ಸದಸ್ಯರು ಕಟ್ಟಿದ ಬಡ್ಡಿಯಲ್ಲಿ ಒಂದು ಪಾಲು ಸಂಘದಲ್ಲೇ ಉಳಿಯುತ್ತದೆ. ಕಂಪನಿಯಲ್ಲಿ ಸಾಲ ಬೇಗ ಬರುತ್ತದೆ, ನಿಯಮ ಅವರದ್ದು, ಲಾಭವೂ ಅವರದ್ದು. ನಿಧಾನಕ್ಕೆ ತಾಳ್ಮೆ ಇದ್ದರೆ ಸಂಘ ವಾಸಿ.

ಬಡವರ ಹತ್ತಿರವೇ ಬಡ್ಡಿ ಇಷ್ಟು ಜಾಸ್ತಿ ಏಕೆ?

ಮನೆ ಬಾಗಿಲಿಗೆ ಬಂದು ವಾರವಾರ ಕಂತು ಎತ್ತುವ ಕೆಲಸ ಅಗ್ಗವಲ್ಲ. ಒಂದು ಲಕ್ಷವನ್ನು ಒಬ್ಬರಿಗೆ ಕೊಟ್ಟರೆ ವರ್ಷಕ್ಕೆ ಹನ್ನೆರಡು ಸಲ ಲೆಕ್ಕ ಬರೆದರೆ ಸಾಕು. ಅದೇ ಹಣವನ್ನು ಹತ್ತು ಜನಕ್ಕೆ ಹಂಚಿ ವಾರದ ಕಂತು ಇಟ್ಟರೆ ಐನೂರು ಸಲ ಬರೆಯಬೇಕು. ಅದರ ಮೇಲೆ ಸಂಸ್ಥೆ ತಾನು ತಂದ ಹಣಕ್ಕೆ ಕೊಡುವ ಬಡ್ಡಿ, ಮುಳುಗಿದ ಸಾಲ. ಗ್ರಾಮೀಣ ಬ್ಯಾಂಕೇ ವ್ಯಾಪಾರದ ಸಾಲಕ್ಕೆ ಬಹುಕಾಲ ಶೇ 20 ಹಾಕುತ್ತಿತ್ತು, ಅದೂ ಉಳಿದ ಅಸಲಿನ ಮೇಲೆ ಮಾತ್ರ.

ಆದರೆ ಖರ್ಚಿನ ನೆಪದಲ್ಲಿ ಎಷ್ಟಾದರೂ ಹಾಕಬಹುದು ಎಂದಲ್ಲ. ಮೆಕ್ಸಿಕೋದ ಕಿರುಸಾಲ ಸಂಸ್ಥೆ ಕಾಂಪಾರ್ತಾಮೋಸ್ 2007ರಲ್ಲಿ ಷೇರು ಪೇಟೆಗೆ ಬಂದಾಗ ಅದರ ಸಾಲಗಾರ್ತಿಯರು ವರ್ಷಕ್ಕೆ ಶೇ 80ಕ್ಕೂ ಮೇಲೆ ಬಡ್ಡಿ ಕಟ್ಟುತ್ತಿದ್ದರು, ಷೇರು ಮಾರಿದವರು ಕೋಟಿಗಟ್ಟಲೆ ಎಣಿಸಿದರು. ಯೂನಸ್ ಅದನ್ನು ಬಹಿರಂಗವಾಗಿ ಖಂಡಿಸಿದರು. ಹಾಗೆಂದು ಸರ್ಕಾರ ಬಡ್ಡಿಗೆ ತೀರಾ ಕೆಳಗೆ ಮಿತಿ ಹಾಕಿದರೂ ಪೆಟ್ಟು ತಿನ್ನುವುದು ಕಡೆಯವರೇ. ಅತಿ ಸಣ್ಣ ಸಾಲ ಗಿಟ್ಟುವುದಿಲ್ಲವೆಂದು ಸಂಸ್ಥೆಗಳು ದೊಡ್ಡ ಮೊತ್ತದವರ ಕಡೆ ಸರಿಯುತ್ತವೆ.

'ಬರೀ ಶೇ 12' ಎಂದರು. ಕಡಿಮೆಯೇ ಅಲ್ಲವೇ?

ಯಾವುದರ ಮೇಲೆ ಶೇ 12 ಎಂದು ಕೇಳಿ. ಇದೊಂದು ಪ್ರಶ್ನೆಗೆ ಕಾಗದ ಪೆನ್ಸಿಲು ತೆಗೆದುಕೊಂಡು ಕೂರಬೇಕು.

10,000 ಸಾಲ, ಫ್ಲ್ಯಾಟ್ (ಅಂದರೆ ಮೊದಲು ಪಡೆದ ಪೂರ್ತಿ ಮೊತ್ತದ ಮೇಲೆ) ಶೇ 12, ವಾರಕ್ಕೊಂದರಂತೆ 50 ಕಂತು. ಒಟ್ಟು ಕಟ್ಟುವುದು 11,200, ವಾರಕ್ಕೆ 224. ನೋಡಲು ಚೆನ್ನಾಗಿದೆ. ಆದರೆ 25ನೇ ವಾರಕ್ಕೆ ನಿಮ್ಮ ಕೈಯಲ್ಲಿ ಆ ಸಾಲದ ಹೆಚ್ಚುಕಡಿಮೆ ಅರ್ಧ ಮಾತ್ರ ಉಳಿದಿರುತ್ತದೆ. ಬಡ್ಡಿ ಮಾತ್ರ ಕೊನೆಯ ವಾರದವರೆಗೂ ಪೂರ್ತಿ ಹತ್ತು ಸಾವಿರಕ್ಕೇ ಬೀಳುತ್ತಿರುತ್ತದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಈ ಸಾಲದ ನಿಜವಾದ ಬಡ್ಡಿ ವರ್ಷಕ್ಕೆ ಶೇ 23ರಿಂದ 24. ಅಂದರೆ ಹೇಳಿದ್ದರ ಎರಡರಷ್ಟು. ಸಾಲ ಕೊಡುವಾಗಲೇ ಪ್ರೊಸೆಸಿಂಗ್ ಶುಲ್ಕ, ವಿಮೆ ಎಂದು ಮುರಿದುಕೊಂಡು ಕೈಗೆ 9,600 ಕೊಟ್ಟರೆ ಇನ್ನೂ ಮೇಲಕ್ಕೆ ಹೋಗುತ್ತದೆ, ಏಕೆಂದರೆ ಬಡ್ಡಿ ಕಟ್ಟುವುದು ಕೈಗೆ ಬಾರದ ಹಣಕ್ಕೂ ಸೇರಿ.

ಎರಡು ಕಡೆಯ ಸಾಲ ಹೋಲಿಸುವಾಗ ಬಡ್ಡಿದರ ಕೇಳುವುದಕ್ಕಿಂತ ಹೀಗೆ ಕೇಳಿ: ಕೈಗೆ ಎಷ್ಟು ಬರುತ್ತದೆ, ವಾರಕ್ಕೆ ಎಷ್ಟು ಕಟ್ಟಬೇಕು, ಎಷ್ಟು ವಾರ. ಈ ಮೂರು ಸಂಖ್ಯೆ ಸಿಕ್ಕರೆ ಯಾರ ಬಾಯಿಮಾತೂ ಬೇಡ.

ಎಂಥ ವ್ಯಾಪಾರಕ್ಕೆ ಈ ಸಾಲ ಒಗ್ಗುತ್ತದೆ?

ದಿನವೂ ಕಾಸು ಕಾಣುವ ವ್ಯಾಪಾರಕ್ಕೆ. ಬೆಳಗ್ಗೆ ಮಾಲು ಹಾಕಿ ಸಂಜೆಗೆ ಮಾರುವವರಿಗೆ, ಸೈಕಲ್ಲು ಮೊಬೈಲು ರಿಪೇರಿ ಮಾಡುವವರಿಗೆ, ಹಳೆಬಟ್ಟೆ ಮಾರುವವರಿಗೆ ವಾರದ ಕಂತು ಭಾರವಲ್ಲ, ಅಭ್ಯಾಸ. ಕೃಷಿಗೆ, ಮೇಕೆ ಸಾಕಣೆಗೆ, ಮರಗೆಲಸದಂಥ ಆರ್ಡರಿನ ಕೆಲಸಕ್ಕೆ ಅದೇ ಕಂತು ಕುತ್ತಿಗೆಗೆ ಬರುತ್ತದೆ. ಮೇಕೆ ಮರಿ ಹಾಕಿ, ಮರಿ ಬೆಳೆದು, ಮಾರುವ ತನಕ ಕಂತು ಕಾಯುವುದಿಲ್ಲ. ಹೀಗಾಗಿ ಸಾಲ ಮೇಕೆಯ ಹೆಸರಿನಲ್ಲಿ, ಕಂತು ಗಂಡನ ಕೂಲಿಯಲ್ಲಿ.

ಹೊಲಿಗೆ ಯಂತ್ರ ಕೊಂಡವಳ ಮೊದಲ ತಿಂಗಳನ್ನೇ ನೋಡಿ. ಮೊದಲ ವಾರ ಯಂತ್ರ ಬಂತು, ಕೂರುವ ಎತ್ತರ ಸರಿಹೋಗದೆ ಸ್ಟೂಲಿಗೆ ಬೇರೆ ಖರ್ಚಾಯಿತು. ಎರಡನೇ ವಾರ ಅಕ್ಕಪಕ್ಕದವರು ಹರಿದ ಬಟ್ಟೆ ತಂದರು, ದುಡ್ಡು 'ಆಮೇಲೆ ಕೊಡ್ತೀವಿ'. ಮೂರನೇ ವಾರ ಯಂತ್ರದ ಬೆಲ್ಟು ಹೋಯಿತು. ನಾಲ್ಕನೇ ವಾರ ಮೊದಲ ಹೊಸ ಬಟ್ಟೆ ಹೊಲಿಯಲು ಬಂತು, ಅಳತೆ ತಪ್ಪಿ ಬಿಚ್ಚಿ ಮತ್ತೆ ಹೊಲಿದದ್ದಾಯಿತು. ಅಷ್ಟರಲ್ಲಿ ಮೂರು ಕಂತು ಹೋಗಿದೆ. ಎಲ್ಲಿಂದ? ಸಾಲದ ಹಣದಲ್ಲೇ ಒಂದು ಪಾಲನ್ನು ಡಬ್ಬಿಯಲ್ಲಿ ಇಟ್ಟುಕೊಂಡಿದ್ದರಿಂದ. ಅಂದರೆ ಸಾಲದ ಒಂದು ಭಾಗ ವ್ಯಾಪಾರಕ್ಕೆ ಇಳಿಯಲೇ ಇಲ್ಲ, ಸಾಲ ತೀರಿಸಲೆಂದೇ ಪಡೆದ ಸಾಲವಾಯಿತು.

ಇದನ್ನು ಕೊಲ್ಕತ್ತದಲ್ಲಿ ಪರೀಕ್ಷಿಸಿಯೂ ನೋಡಿದ್ದಾರೆ. ಕೆಲವರಿಗೆ ಎಂದಿನಂತೆ ಎರಡು ವಾರದಲ್ಲಿ ಕಂತು ಶುರು, ಕೆಲವರಿಗೆ ಎರಡು ತಿಂಗಳ ಬಿಡುವು. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ಹಣ ಹಾಕಿದರು, ವರ್ಷಗಳ ನಂತರವೂ ಅವರ ಲಾಭ ಹೆಚ್ಚಿತ್ತು. ಅವರಲ್ಲಿ ಸಾಲ ಉಳಿಸಿಕೊಂಡವರೂ ಹೆಚ್ಚಿದ್ದರು ಎಂಬುದನ್ನು ಮರೆಯುವಂತಿಲ್ಲ. ಸಾಹಸಕ್ಕೆ ಜಾಗ ಬಿಟ್ಟರೆ ಕೆಲವರ ಕೈ ಕಚ್ಚುತ್ತದೆ. ಸಂಸ್ಥೆಗಳು ಬಡ್ಡಿ ಒಂದೆರಡು ಅಂಶ ಇಳಿಸಿದೆವೆಂದು ಜಾಹೀರಾತು ಮಾಡುವ ಬದಲು ಮೊದಲ ಕಂತನ್ನು ಆರು ವಾರ ಮುಂದಕ್ಕೆ ಹಾಕಿದರೆ ಹೊಸ ವ್ಯಾಪಾರಿಗೆ ಹೆಚ್ಚು ಉಪಕಾರ ಎಂದು ನನಗೆ ಅನ್ನಿಸುತ್ತದೆ.

ಇದುವರೆಗೆ ವ್ಯಾಪಾರವನ್ನೇ ಮಾಡಿಲ್ಲ. ಸಾಲ ತೆಗೆದುಕೊಂಡು ಶುರು ಮಾಡಬಹುದೇ?

ಸಾಧ್ಯವಾದರೆ ಮೊದಲು ಸಾಲವಿಲ್ಲದೆ ಶುರು ಮಾಡಿ. ಬಾಡಿಗೆ ಯಂತ್ರದಲ್ಲಿ, ಇನ್ನೊಬ್ಬರ ಅಂಗಡಿಯಲ್ಲಿ, ಮಾರಿದ ಮೇಲೆ ದುಡ್ಡು ಕೊಡುವ ಮಾತಿಗೆ ತಂದ ಒಂದು ಮೂಟೆ ಮಾಲಿನಲ್ಲಿ. ಎರಡು ಮೂರು ತಿಂಗಳಲ್ಲಿ ಗಿರಾಕಿ ಯಾರು, ಉದ್ರಿ ಎಷ್ಟು ನಿಲ್ಲುತ್ತದೆ, ಮಳೆಯ ದಿನ ಏನಾಗುತ್ತದೆ ಎಂಬುದು ತಿಳಿಯುತ್ತದೆ. ಆಮೇಲೆ ತೆಗೆದುಕೊಂಡ ಸಾಲ ಎಲ್ಲಿಗೆ ಹೋಗಬೇಕೆಂದು ನಿಮಗೇ ಗೊತ್ತಿರುತ್ತದೆ. ಹೈದರಾಬಾದಿನ ಕೊಳೆಗೇರಿಗಳಲ್ಲಿ ನಡೆದ ದೀರ್ಘ ಅಧ್ಯಯನದಲ್ಲೂ ಕಂಡದ್ದು ಇದೇ: ಕಿರುಸಾಲ ಬರುವ ಮುಂಚೆಯೇ ವ್ಯಾಪಾರ ನಡೆಸುತ್ತಿದ್ದವರು ಸಾಲದಿಂದ ಮೇಲೆ ಬಂದರು, ಸಾಲ ಸಿಕ್ಕಿತೆಂದು ವ್ಯಾಪಾರಕ್ಕಿಳಿದವರಿಗೆ ಅಂಥ ಲಾಭ ಆಗಲಿಲ್ಲ.

ಹಾಗಾದರೆ ಕಿರುಸಾಲದಿಂದ ಬಡತನ ನೀಗುತ್ತದೆಯೇ?

ಸರಾಸರಿ ನೋಡಿದರೆ, ಇಲ್ಲ. ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಮಂಗೋಲಿಯಾ, ಮೊರಾಕೊ ಹೀಗೆ ಆರು ದೇಶಗಳಲ್ಲಿ ಬೇರೆ ಬೇರೆ ತಂಡಗಳು ಮಾಡಿದ ಪ್ರಯೋಗಗಳ ಫಲಿತಾಂಶ 2015ರಲ್ಲಿ ಒಟ್ಟಿಗೆ ಪ್ರಕಟವಾಯಿತು. ಭಾರತದ ಅಧ್ಯಯನ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಇದ್ದರು, ಅವರಿಗೆ 2019ರಲ್ಲಿ ನೊಬೆಲ್ ಬಂತು. ಮನೆಯ ಒಟ್ಟು ಆದಾಯದಲ್ಲಿ, ಮಕ್ಕಳ ಓದಿನಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ಇದ್ದ ವ್ಯಾಪಾರ ಸ್ವಲ್ಪ ಹಿಗ್ಗಿತು. ಕೂಲಿಗೆ ಹೋಗಬೇಕೋ ಸ್ವಂತದ್ದು ನೋಡಿಕೊಳ್ಳಬೇಕೋ ಎಂಬ ಆಯ್ಕೆ ಕೆಲವರಿಗೆ ಸಿಕ್ಕಿತು. ಸರಾಸರಿಯಲ್ಲಿ ಹಾನಿಯೂ ಕಾಣಲಿಲ್ಲ.

ಇನ್ನೊಂದು ಸಂಗತಿ ಹೆಚ್ಚು ಚರ್ಚೆಯಾಗಲಿಲ್ಲ. ಸಾಲ ಕೈಗೆಟುಕುವಂತಿದ್ದರೂ ತೆಗೆದುಕೊಂಡವರು ಕಡಿಮೆ. ಹೈದರಾಬಾದಿನಲ್ಲಿ ಸುಮಾರು ಕಾಲುಭಾಗದಷ್ಟು ಮನೆಗಳು. ಎಲ್ಲ ಬಡವರೊಳಗೂ ಒಬ್ಬ ಉದ್ಯಮಿ ಅಡಗಿದ್ದಾನೆ ಎಂಬ ಮಾತು ಭಾಷಣಕ್ಕೆ ಸರಿ. ತಿಂಗಳ ಸಂಬಳದ ಕೆಲಸ ಸಿಕ್ಕರೆ ಬಹುಪಾಲು ಜನ ಅಂಗಡಿಯನ್ನು ಅವತ್ತೇ ಮುಚ್ಚುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

ಹೆಂಗಸರಿಗೇ ಏಕೆ ಹೆಚ್ಚಾಗಿ ಕೊಡುತ್ತಾರೆ?

ಗ್ರಾಮೀಣ ಬ್ಯಾಂಕಿನ ಸಾಲಗಾರರಲ್ಲಿ ಶೇ 97ರಷ್ಟು ಹೆಂಗಸರು. ದುಡ್ಡು ಅವರ ಕೈಲಿದ್ದರೆ ಮಕ್ಕಳಿಗೆ ಹೋಗುತ್ತದೆ, ಕಂತು ತಪ್ಪಿಸುವುದಿಲ್ಲ ಎಂಬುದು ಹೇಳುವ ಕಾರಣ. ಮೀಟಿಂಗಿಗೆ ಸಿಗುತ್ತಾರೆ, ಊರು ಬಿಟ್ಟು ಹೋಗುವುದಿಲ್ಲ, ಮಾನಕ್ಕೆ ಅಂಜುತ್ತಾರೆ ಎಂಬುದು ಹೇಳದ ಕಾರಣ.

ಸಾಲದ ಪುಸ್ತಕ ಅವಳ ಹೆಸರಿನಲ್ಲಿದ್ದ ಮಾತ್ರಕ್ಕೆ ವ್ಯಾಪಾರ ಅವಳದ್ದಾಗುವುದಿಲ್ಲ. ಶ್ರೀಲಂಕಾದಲ್ಲಿ ಸಣ್ಣ ವ್ಯಾಪಾರಿಗಳಿಗೆ ಸಾಲವಲ್ಲ, ಉಚಿತವಾಗಿಯೇ ಬಂಡವಾಳ ಕೊಟ್ಟು ನೋಡಿದಾಗ ಗಂಡಸರ ಲಾಭ ಚೆನ್ನಾಗಿ ಏರಿತು, ಹೆಂಗಸರ ವ್ಯಾಪಾರದಲ್ಲಿ ಏನೂ ಏರಲಿಲ್ಲ. ಹೆಂಗಸರಿಗೆ ವ್ಯಾಪಾರ ಬರುವುದಿಲ್ಲ ಎಂದು ಕೆಲವರು ಬೇಗ ಷರಾ ಬರೆದುಬಿಟ್ಟರು. ಆಮೇಲೆ ಲೆಕ್ಕ ಬಿಡಿಸಿ ನೋಡಿದವರಿಗೆ ಕಂಡದ್ದು ಬೇರೆ: ಮನೆಯಲ್ಲಿ ಗಂಡನದ್ದೂ ಒಂದು ವ್ಯಾಪಾರ ಇದ್ದರೆ ಅವಳಿಗೆ ಬಂದ ಹಣ ಅಲ್ಲಿಗೆ ಹರಿಯುತ್ತದೆ.

ತೀರಾ ಕಡುಬಡವರಿಗೂ ಸಾಲ ಕೊಡಬೇಕೇ?

ಹೊತ್ತಿನ ಊಟಕ್ಕೆ ಗತಿಯಿಲ್ಲದವರಿಗೆ ಸಾಲ ಕೊಟ್ಟರೆ ಅದು ಊಟಕ್ಕೇ ಹೋಗಬೇಕು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಇದನ್ನು ಅರಿತು 2002ರಲ್ಲಿ ಬೇರೆ ದಾರಿ ಹಿಡಿಯಿತು. ಮೊದಲು ಹಸುವೋ ಮೇಕೆಯೋ ಉಚಿತವಾಗಿ, ಅದನ್ನು ಮಾರಿಕೊಳ್ಳದಂತೆ ಕೆಲವು ತಿಂಗಳು ಹೊಟ್ಟೆಪಾಡಿಗೆ ಭತ್ಯೆ, ಸಾಕುವ ತರಬೇತಿ, ಉಳಿತಾಯ, ಆಗಾಗ ಬಂದು ವಿಚಾರಿಸುವ ಒಬ್ಬರು. ಎರಡು ವರ್ಷದ ಈ ಕಾರ್ಯಕ್ರಮವನ್ನು ಆರು ದೇಶಗಳಲ್ಲಿ ಪರೀಕ್ಷಿಸಿದಾಗ ಮುಗಿದ ಒಂದು ವರ್ಷದ ನಂತರವೂ ಕುಟುಂಬಗಳು ಮೊದಲಿಗಿಂತ ಚೆನ್ನಾಗಿದ್ದವು. ಖರ್ಚು ಜಾಸ್ತಿ, ಹೌದು. ಗ್ರಾಮೀಣ ಬ್ಯಾಂಕೂ ಅದೇ ಸುಮಾರಿಗೆ ಭಿಕ್ಷುಕರಿಗೆ ಬಡ್ಡಿಯಿಲ್ಲದ, ವಾಯಿದೆಯಿಲ್ಲದ ಸಾಲ ಶುರು ಮಾಡಿತು. ಭಿಕ್ಷೆ ಬಿಡಿ ಎನ್ನಲಿಲ್ಲ. ಹೇಗೂ ಮನೆಮನೆಗೆ ಹೋಗುತ್ತೀರಿ, ಜೋಳಿಗೆಯಲ್ಲಿ ಮಾರುವ ಸಾಮಾನೂ ನಾಲ್ಕು ಇರಲಿ ಎಂದರು. ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಇಷ್ಟವಾದ ಉಪಾಯ ಇದು.

ವ್ಯಾಪಾರಕ್ಕೆಂದು ಪಡೆದ ಸಾಲ ಆಸ್ಪತ್ರೆಗೋ ಮದುವೆಗೋ ಖರ್ಚಾದರೆ ಮೋಸವೇ?

ನಡೆಯುವುದೇ ಹಾಗೆ. ಸಣ್ಣ ವ್ಯಾಪಾರಿಯ ಗಲ್ಲಾಪೆಟ್ಟಿಗೆ ಮತ್ತು ಅಡುಗೆಮನೆಯ ಡಬ್ಬಿ ಎರಡೂ ಒಂದೇ. ಜ್ವರಕ್ಕೆ ಔಷಧಿ ತಂದು ಕೆಲಸಕ್ಕೆ ಮರಳಿದರೆ ಅದೂ ಬಂಡವಾಳವೇ. ಅಪಾಯ ಇರುವುದು ಸುಳ್ಳು ಹೇಳಿ ಪಡೆದದ್ದರಲ್ಲಿ: ಕಂತಿನ ಲೆಕ್ಕವನ್ನು ಇಲ್ಲದ ಆದಾಯದ ಮೇಲೆ ಹಾಕಿರುತ್ತಾರೆ. ಯಾವುದಕ್ಕೆ ಬೇಕೋ ಅದಕ್ಕೇ ಕೇಳಿ. ತುರ್ತು ಸಾಲ ಬೇರೆ ಇಟ್ಟಿರುವ ಸಂಘಗಳು ಈ ವಿಷಯದಲ್ಲಿ ಪ್ರಾಮಾಣಿಕ.

ಎರಡು ಮೂರು ಕಡೆ ಸಾಲ ಮಾಡಿದರೆ?

ಮೊದಲನೆಯದರ ಕಂತಿಗೆ ಎರಡನೆಯದು, ಎರಡನೆಯದರ ಕಂತಿಗೆ ಮೂರನೆಯದು ಎಂದಾದರೆ ಅಲ್ಲಿಗೆ ವ್ಯಾಪಾರ ಮುಗಿಯಿತು, ಉಳಿದದ್ದು ಒಬ್ಬರ ಟೋಪಿ ಇನ್ನೊಬ್ಬರ ತಲೆಗೆ. ಬೊಲಿವಿಯಾದಲ್ಲಿ 1999ರ ಹೊತ್ತಿಗೆ ಸಾಲ ಕೊಡುವವರು ಮೇಲೆ ಬಿದ್ದು ಕೊಟ್ಟು, ಕೊನೆಗೆ ಸಾಲಗಾರರು ಬೀದಿಗಿಳಿದರು. ಆಂಧ್ರಪ್ರದೇಶದಲ್ಲಿ 2010ರಲ್ಲಿ ಆದದ್ದು ಇನ್ನೂ ಘೋರ. ಒಂದೇ ಬೀದಿಗೆ ಹಲವು ಕಂಪನಿ, ಒಂದೇ ಮನೆಗೆ ಹಲವು ಸಾಲ, ವಸೂಲಿಗೆ ಬಂದವರ ಕಿರುಕುಳ, ಆತ್ಮಹತ್ಯೆಗಳ ಸುದ್ದಿ. ಅಕ್ಟೋಬರಿನಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ಕಂತು ಕಟ್ಟುವುದು ಹೆಚ್ಚುಕಡಿಮೆ ನಿಂತೇಹೋಯಿತು. ಕೆಟ್ಟ ಸಂಸ್ಥೆಗಳ ಜೊತೆ ಒಳ್ಳೆಯವೂ ನೆಲಕಚ್ಚಿದವು, ನಿಯತ್ತಾಗಿ ಕಟ್ಟಿದವರಿಗೂ ಮುಂದಿನ ಸಾಲ ಸಿಗಲಿಲ್ಲ.

ಈಗ ಯಾರಿಗೆ ಎಲ್ಲೆಲ್ಲಿ ಎಷ್ಟು ಸಾಲವಿದೆ ಎಂಬ ಲೆಕ್ಕ ಇಡುವ ಕ್ರೆಡಿಟ್ ಬ್ಯೂರೋ ಇದೆ. ಭಾರತದ 2022ರ ನಿಯಮದಂತೆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರುವಂತಿಲ್ಲ. ಆದಾಯವನ್ನು ಎಷ್ಟು ಬರೆದುಕೊಳ್ಳುತ್ತಾರೆ ಎಂಬುದರ ಮೇಲೆ ಆ ಅರ್ಧ ನಿಂತಿದೆ. ಫೀಲ್ಡ್ ಆಫೀಸರ್ 'ಸ್ವಲ್ಪ ಜಾಸ್ತಿ ಬರೀತೀನಿ ಬಿಡಿ ಅಮ್ಮ' ಎಂದರೆ ಅದು ಉಪಕಾರವಲ್ಲ.

ಕಂತು ಕಟ್ಟಲು ಆಗುತ್ತಿಲ್ಲ. ಏನು ಮಾಡಲಿ?

ಮೀಟಿಂಗ್ ತಪ್ಪಿಸಿಕೊಳ್ಳಬೇಡಿ. ತಪ್ಪುವ ವಾರಕ್ಕಿಂತ ಮುಂಚೆಯೇ ಶಾಖೆಗೆ ಹೋಗಿ ಹೇಳಿ, ಕಂತು ಚಿಕ್ಕದು ಮಾಡಿ ವಾಯಿದೆ ಹೆಚ್ಚಿಸಲು ಬರವಣಿಗೆಯಲ್ಲಿ ಕೇಳಿ. ಬಾಂಗ್ಲಾದೇಶದಲ್ಲಿ 1998ರ ನೆರೆಯ ನಂತರ ಗ್ರಾಮೀಣ ಬ್ಯಾಂಕೇ ತನ್ನ ಬಿಗಿ ನಿಯಮ ಸಡಿಲಿಸಿ ಸಾಲವನ್ನು ಹೊಸದಾಗಿ ಹೊಂದಿಸಿಕೊಳ್ಳುವ ಪದ್ಧತಿ ತರಬೇಕಾಯಿತು. ಹಾಗಾಗಿ 'ಹಾಗೆಲ್ಲ ಆಗೋದೇ ಇಲ್ಲ' ಎಂಬ ಮಾತನ್ನು ನಂಬಬೇಕಿಲ್ಲ. ಕಂತಿಗೆಂದು ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ, ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಭಾರತದಲ್ಲಿ ಬೆಳಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಗೆ ಬರುವಂತಿಲ್ಲ. ಬೈಯುವಂತಿಲ್ಲ, ನೆಂಟರನ್ನು ಕಾಡುವಂತಿಲ್ಲ. ಬಂದವರ ಹೆಸರು, ದಿನ, ಹೊತ್ತು ಒಂದು ಪುಸ್ತಕದಲ್ಲಿ ಬರೆದಿಡಿ. ದೂರು ಕೊಡುವಾಗ ಆ ಪುಸ್ತಕವೇ ಸಾಕ್ಷಿ.

ಅವಧಿಗೆ ಮುಂಚೆ ತೀರಿಸಿದರೆ ದಂಡವೇ?

ಭಾರತದಲ್ಲಿ ಕಿರುಸಾಲಕ್ಕೆ ದಂಡ ಹಾಕುವಂತಿಲ್ಲ. ಬೇರೆ ಕಡೆ ಕರಾರು ನೋಡಿ.

ಸಾಲದ ಜೊತೆ ವ್ಯಾಪಾರದ ತರಬೇತಿ ಕೊಟ್ಟರೆ ಒಳ್ಳೆಯದಲ್ಲವೇ?

ತರಗತಿಯಲ್ಲಿ ಕೂರಿಸಿ ಲಾಭ ನಷ್ಟದ ಪಟ್ಟಿ ಬರೆಸುವ ತರಬೇತಿಯಿಂದ ದೊಡ್ಡ ಪ್ರಯೋಜನ ಕಾಣಿಸಿದ್ದು ಕಡಿಮೆ. ವ್ಯಾಪಾರದ ದುಡ್ಡು ಒಂದು ಡಬ್ಬಿ, ಮನೆಯ ದುಡ್ಡು ಇನ್ನೊಂದು ಡಬ್ಬಿ ಎಂಬಂಥ ಒಂದೇ ಅಭ್ಯಾಸ ಹಚ್ಚಿದರೆ ಉಳಿಯುತ್ತದೆ. ಅದೇ ಕಸುಬಿನಲ್ಲಿ ಹತ್ತು ವರ್ಷ ಸವೆಸಿದವರ ಜೊತೆ ಒಂದು ವಾರ ಬಿಟ್ಟರೆ ಇನ್ನೂ ಹೆಚ್ಚು ಕಲಿಯುತ್ತಾರೆ.

ಮೊದಲ ಸಾಲ ತೀರಿತು. ಎರಡರಷ್ಟು ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಲೇ?

ನೀವು ಸರಿಯಾಗಿ ಕಟ್ಟಿದ್ದಕ್ಕೆ ಬಂದ ಮೊತ್ತ ಅದು. ನಿಮ್ಮ ವ್ಯಾಪಾರ ಎಷ್ಟು ತಾಳುತ್ತದೆ ಎಂದು ನೋಡಿ ಬಂದದ್ದಲ್ಲ. ಹೋದ ಸಾಲದ ಕೊನೆಯ ಹತ್ತು ಕಂತು ಎಲ್ಲಿಂದ ಕಟ್ಟಿದಿರಿ ಎಂದು ನೆನಪಿಸಿಕೊಳ್ಳಿ. ಹತ್ತೂ ಗಲ್ಲಾಪೆಟ್ಟಿಗೆಯಿಂದ ಬಂದಿದ್ದರೆ, ಹೊಸ ಹಣದಲ್ಲಿ ಏನು ಕೊಳ್ಳುತ್ತೀರಿ ಎಂಬುದು ಈಗಲೇ ಗೊತ್ತಿದ್ದರೆ, ಅಷ್ಟಕ್ಕೆ ಬೇಕಾದ್ದನ್ನು ಮಾತ್ರ ತೆಗೆದುಕೊಳ್ಳಿ. ನಾಲ್ಕೈದು ಕಂತು ಅಣ್ಣನ ಹತ್ತಿರ ಕೈಸಾಲ ತಂದು, ಕಿವಿಯೋಲೆ ಅಡವಿಟ್ಟು ಕಟ್ಟಿದ್ದರೆ ಮೊದಲು ಓಲೆ ಬಿಡಿಸಿಕೊಳ್ಳಿ. ಆರು ತಿಂಗಳು ಸಾಲವಿಲ್ಲದೆ ವ್ಯಾಪಾರ ನಡೆಸಿ ನೋಡಿ, ಸದಸ್ಯತ್ವ ಹಾಗೇ ಇಟ್ಟುಕೊಳ್ಳಬಹುದೇ ಎಂದು ಶಾಖೆಯಲ್ಲಿ ಕೇಳಿ. ಬಹಳ ಕಡೆ ಇಟ್ಟುಕೊಳ್ಳಬಹುದು, ಯಾರೂ ತಾವಾಗಿ ಹೇಳುವುದಿಲ್ಲ ಅಷ್ಟೆ.